ಫೋನಿನಲ್ಲಿ ಪಾಠ ಸಿಗುತ್ತದೆ, ಮರುಪ್ರಶ್ನೆ ಸಿಗುವುದಿಲ್ಲ

ಡಿಗ್ರಿ ಓದುವ ಹುಡುಗರು ಸೋಶಿಯಲ್ ಮೀಡಿಯಾದಲ್ಲಿ ಕಲಿಯಬೇಕೋ ಬೇಡವೋ ಎಂದು ನಮ್ಮ ಸ್ಟಾಫ್ ರೂಮುಗಳಲ್ಲಿ ಇನ್ನೂ ವಾದ ನಡೆಯುತ್ತದೆ. ಹುಡುಗರು ನಮ್ಮ ತೀರ್ಮಾನಕ್ಕೆ ಕಾಯುತ್ತಾ ಕೂತಿಲ್ಲ. ಗದಗಿನ ಕಡೆಯಿಂದ ಹುಬ್ಬಳ್ಳಿಗೆ ಬರುವ ಬೆಳಗಿನ ಬಸ್ ಹತ್ತಿ ನೋಡಿ. ಅಣ್ಣಿಗೇರಿ ದಾಟುವ ಹೊತ್ತಿಗೆ ಅರ್ಧ ಬಸ್ಸಿನ ಕಿವಿಯಲ್ಲಿ ಇಯರ್‌ಫೋನ್ ಇರುತ್ತದೆ. ಬೇರೆ ದಿನ ಹಾಡು, ರೀಲ್ಸ್. ಇಂಟರ್ನಲ್ ಪರೀಕ್ಷೆಯ ವಾರ ಬಂದರೆ ಅದೇ ಫೋನಿನಲ್ಲಿ ಯಾರೋ ಮೇಷ್ಟ್ರು ಬೋರ್ಡಿನ ಮುಂದೆ ನಿಂತಿರುತ್ತಾರೆ. ಇಲ್ಲವೇ ವಾಟ್ಸಾಪಿಗೆ ಬಂದ ನೋಟ್ಸ್ ತೆರೆದಿರುತ್ತದೆ.

ನಾನು ಧಾರವಾಡದಲ್ಲಿ ಕನ್ನಡ ಮಾಧ್ಯಮದ ಬಿಎ ಮಕ್ಕಳಿಗೆ ಅರ್ಥಶಾಸ್ತ್ರ ಹೇಳುತ್ತೇನೆ. ನವಲಗುಂದ, ಕುಂದಗೋಳ, ಶಿಗ್ಗಾವಿ ಕಡೆಯ ಮಕ್ಕಳು ಹೆಚ್ಚು. ಇವರ ಮನೆಯಲ್ಲಿ ಟೇಬಲ್ಲಿಲ್ಲ, ಪುಸ್ತಕದ ಕಪಾಟಿಲ್ಲ. ಆದರೆ ಫೋನ್ ಇದೆ. ಆ ಫೋನನ್ನು ಬೈಯುವುದರಲ್ಲಿ ನನಗೆ ಆಸಕ್ತಿಯಿಲ್ಲ. ಅದರಿಂದ ಇವರಿಗೆ ಏನು ಸಿಗುತ್ತಿದೆ, ಏನು ಸಿಗುತ್ತಿಲ್ಲ ಅನ್ನುವುದನ್ನು ಸರಿಯಾಗಿ ನೋಡಬೇಕು.

ಇದು ಶುರುವಾದದ್ದು ಎಲ್ಲರಿಗೂ ನೆನಪಿದೆ. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದು ಡೇಟಾ ಅಗ್ಗವಾಯಿತು. 2020ರ ಮಾರ್ಚ್‌ನಲ್ಲಿ ಕಾಲೇಜುಗಳು ಬಾಗಿಲು ಹಾಕಿದವು. ಪ್ರತಿ ವಿಷಯಕ್ಕೊಂದು ವಾಟ್ಸಾಪ್ ಗ್ರೂಪ್ ಆಯಿತು. ಕೊರೊನಾ ಹೋಯಿತು, ಗ್ರೂಪ್ ಉಳಿಯಿತು. ಅದೇ ವರ್ಷ ಜೂನ್ ಕೊನೆಗೆ ಟಿಕ್‌ಟಾಕ್ ನಿಷೇಧವಾಯಿತು. ಜುಲೈನಲ್ಲಿ ಇನ್‌ಸ್ಟಾಗ್ರಾಮ್ ರೀಲ್ಸ್ ನಮ್ಮ ದೇಶಕ್ಕೆ ಬಂತು. ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ ತನ್ನ ಶಾರ್ಟ್ಸ್ ಅನ್ನು ಮೊದಲು ಪರೀಕ್ಷೆಗೆ ಬಿಟ್ಟದ್ದೂ ಭಾರತದಲ್ಲೇ. ಅಂದರೆ ಪಾಠ ಫೋನಿಗೆ ಬಂದ ವರ್ಷವೇ, ಪಾಠದಿಂದ ಎಬ್ಬಿಸಿಕೊಂಡು ಹೋಗುವ ವಸ್ತುವೂ ಅದೇ ಫೋನಿಗೆ ಬಂತು. ನಮ್ಮ ಮಕ್ಕಳು ಎರಡನ್ನೂ ಒಟ್ಟಿಗೇ ಪಡೆದರು. ಯಾವುದಕ್ಕೆ ಎಷ್ಟು ಹೊತ್ತು ಕೊಡಬೇಕು ಅಂತ ಅವರಿಗೆ ಯಾರೂ ಹೇಳಿಕೊಡಲಿಲ್ಲ.

ಒಂದು ದಿನದ ತರಗತಿಯ ಮಾತು ಹೇಳುತ್ತೇನೆ. ಅವತ್ತಿನ ಪಾಠ ಬೇಡಿಕೆಯ ಸ್ಥಿತಿಸ್ಥಾಪಕತ್ವ. ಹೆಸರೇ ಹೆದರಿಸುವಂಥದ್ದು. ಬೆಲೆ ಬದಲಾದಾಗ ಜನ ಕೊಳ್ಳುವ ಪ್ರಮಾಣ ಎಷ್ಟು ಬದಲಾಗುತ್ತದೆ ಅನ್ನುವುದಷ್ಟೇ ಅದರ ತಿರುಳು. ಕುಂದಗೋಳ ಕಡೆಯ ಹುಡುಗನೊಬ್ಬ ಕೈ ಎತ್ತಿದ. "ಯೂಟ್ಯೂಬ್‌ನಾಗ ನೋಡೇನ್ರಿ ಮೇಡಂ, ಪೂರಾ ತಿಳೀತ್ರಿ" ಅಂದ. ಹೇಳು ಅಂದೆ. ವ್ಯಾಖ್ಯೆ ಹೇಳಿದ, ತಪ್ಪಿಲ್ಲ. ಐದು ವಿಧ ಹೇಳಿದ. ಬೋರ್ಡಿನ ಮೇಲೆ ರೇಖಾಚಿತ್ರವನ್ನೂ ಬರೆದ. ನನಗೆ ನಿಜವಾಗಿಯೂ ಖುಷಿಯಾಯಿತು.

"ಹಂಗಾರ ಹೇಳಪಾ, ಮೆಣಸಿನಕಾಯಿ ಎಲ್ಲಾರ ಹೊಲದಾಗೂ ಛಲೋ ಬಂದ ವರ್ಷ ನಿಮ್ಮಪ್ಪನ ಕೈಯಾಗ ರೊಕ್ಕ ಜಾಸ್ತಿ ಉಳೀತೈತೋ, ಕಡಿಮಿ ಉಳೀತೈತೋ?"

ಸುಮ್ಮನೆ ನಿಂತ. ಸ್ವಲ್ಪ ಹೊತ್ತಾದ ಮೇಲೆ, "ಇದು ಸಿಲಬಸ್‌ನಾಗ ಐತೇನ್ರಿ ಮೇಡಂ?" ಅಂದ.

ಆ ಹುಡುಗ ದಡ್ಡನಲ್ಲ. ಆ ವಿಡಿಯೋ ಕೂಡ ಕೆಟ್ಟದ್ದಲ್ಲ, ಆಮೇಲೆ ನಾನೂ ನೋಡಿದೆ. ಚೆನ್ನಾಗಿ ವಿವರಿಸಿದ್ದಾರೆ. ಆದರೆ ವಿಡಿಯೋ ಅವನನ್ನು ಏನೂ ಕೇಳಲಿಲ್ಲ. ಕೇಳಿಸಿಕೊಂಡದ್ದೆಲ್ಲ ಸರಾಗವಾಗಿ ಒಳಗೆ ಹೋಯಿತು. ಸರಾಗವಾಗಿ ಹೋದದ್ದನ್ನೇ ಅವನು "ತಿಳೀತು" ಅಂದುಕೊಂಡ. ಅಪ್ಪನ ಜೊತೆ ಬ್ಯಾಡಗಿಗೆ ಮೆಣಸಿನಕಾಯಿ ಚೀಲ ಹೇರಿಕೊಂಡು ಹೋಗಿ ಬಂದವನು ಅವನು. ಆ ಪಾಠ ಅವನ ಮನೆಯಂಗಳದಲ್ಲೇ ಇತ್ತು. ಎರಡನ್ನೂ ಸೇರಿಸಲು ಒಂದು ಮರುಪ್ರಶ್ನೆ ಬೇಕಿತ್ತು, ಅಷ್ಟೇ.

ಇದು ನನ್ನೊಬ್ಬಳ ಅನುಭವವಲ್ಲ. 2018ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಒಂದು ಸರಳ ಪ್ರಯೋಗ ಮಾಡಿದರು. ಗೋಡೆಯ ಹಲಗೆಗೆ ಗುರಿಯಿಟ್ಟು ಡಾರ್ಟ್ ಎಂಬ ಚೂಪು ಬಾಣ ಎಸೆಯುವ ವಿಡಿಯೋವನ್ನು ಕೆಲವರಿಗೆ ಒಂದು ಸಲ, ಕೆಲವರಿಗೆ 20 ಸಲ ತೋರಿಸಿದರು. 20 ಸಲ ನೋಡಿದವರಿಗೆ ತಾವು ಚೆನ್ನಾಗಿ ಎಸೆಯುತ್ತೇವೆ ಎಂಬ ನಂಬಿಕೆ ಜಾಸ್ತಿಯಾಯಿತು. ಎಸೆದಾಗ ಒಂದು ಸಲ ನೋಡಿದವರಿಗಿಂತ ಏನೂ ಮುಂದಿರಲಿಲ್ಲ. ನೋಡಿದಷ್ಟೂ ಬೆಳೆದದ್ದು ಬರೀ ಧೈರ್ಯ.

ಇನ್ನೊಂದು ಅದಕ್ಕಿಂತ ಹಳೆಯದು, 2006ರದ್ದು. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಇಬ್ಬರು ಸಂಶೋಧಕರು ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಸಣ್ಣ ಪಾಠ ಕೊಟ್ಟರು. ಒಂದು ಗುಂಪು ಅದನ್ನು ನಾಲ್ಕು ಅವಧಿ ಓದಿತು. ಇನ್ನೊಂದು ಗುಂಪು ಒಂದು ಅವಧಿ ಓದಿ, ಉಳಿದ ಮೂರು ಅವಧಿ ಪಾಠ ನೋಡದೆ ನೆನಪಿದ್ದದ್ದನ್ನು ಬರೆಯಿತು. ಐದು ನಿಮಿಷದ ನಂತರ ಪರೀಕ್ಷೆ ಇಟ್ಟಾಗ ಬರೀ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ ಓದಿದವರಿಗೆ ಸುಮಾರು 40 ಶೇಕಡಾ ನೆನಪಿತ್ತು, ಬರೆದು ನೋಡಿದವರಿಗೆ ಸುಮಾರು 61 ಶೇಕಡಾ. ಪರೀಕ್ಷೆಯ ಹಿಂದಿನ ರಾತ್ರಿ ವಿಡಿಯೋ ನೋಡಿ ಪಾಸಾಗುವ ಹುಡುಗನಿಗೆ ಮುಂದಿನ ಸೆಮಿಸ್ಟರಿನಲ್ಲಿ ಯಾಕೆ ಏನೂ ನೆನಪಿರುವುದಿಲ್ಲ ಅನ್ನುವುದಕ್ಕೆ ಇದರಲ್ಲೇ ಉತ್ತರವಿದೆ ಅಲ್ವಾ?

ನಮ್ಮ ಸೋಶಿಯಲ್ ಮೀಡಿಯಾಗಳೆಲ್ಲ ಕಟ್ಟಿರುವುದು ನೋಡುವುದಕ್ಕೆ, ಇಷ್ಟಪಡುವುದಕ್ಕೆ, ಮುಂದಕ್ಕೆ ಕಳಿಸುವುದಕ್ಕೆ. ಒಂದು ವಿಡಿಯೋ ಮುಗಿದ ತಕ್ಷಣ ಇನ್ನೊಂದು ತಾನಾಗಿ ಶುರುವಾಗುತ್ತದೆ. ಕಲಿಕೆಗೆ ಬೇಕಾದದ್ದು ಸರಿಯಾಗಿ ಅದೇ ಜಾಗದಲ್ಲಿ ಒಂದು ನಿಲುಗಡೆ. ನೋಡಿದ್ದನ್ನು ಮುಚ್ಚಿಟ್ಟು, ಈಗ ನೀನು ಹೇಳು ಅನ್ನುವ ನಿಲುಗಡೆ. ಅದನ್ನು ಕಂಪನಿ ಕೊಡುವುದಿಲ್ಲ. ಮನುಷ್ಯರೇ ತಂದು ಇಡಬೇಕು.

ತಂದು ಇಟ್ಟರೆ ಏನಾಗುತ್ತದೆ ಅನ್ನುವುದನ್ನೂ ನಾನು ಕಂಡಿದ್ದೇನೆ. ಮೆಣಸಿನಕಾಯಿ ಪ್ರಶ್ನೆ ಅವತ್ತು ತರಗತಿಯಲ್ಲಿ ಮುಗಿಯಲಿಲ್ಲ. ಹದಿನೈದು ಮಕ್ಕಳ ಒಂದು ಸಣ್ಣ ವಾಟ್ಸಾಪ್ ಗ್ರೂಪ್ ಮಾಡಿದೆವು. ಕಟ್ಟಳೆ ಎರಡೇ. ರಾತ್ರಿ ಒಂಬತ್ತರವರೆಗೆ ಯಾರೂ ಲಿಂಕ್, ಪಿಡಿಎಫ್ ಹಾಕಬಾರದು. ಉತ್ತರವನ್ನು ಟೈಪ್ ಮಾಡದೆ ವಾಯ್ಸ್ ಮೆಸೇಜಿನಲ್ಲಿ ಹೇಳಬೇಕು. ಅದೇ ಪ್ರಶ್ನೆ ಹಾಕಿದೆ. ಜೊತೆಗೆ 2024ರ ಮಾರ್ಚ್ ನೆನಪು ಮಾಡಿದೆ. ಆಗ ಬ್ಯಾಡಗಿ ಮಾರುಕಟ್ಟೆಯಲ್ಲಿ ದರ ಒಮ್ಮೆಗೇ ಬಿದ್ದು, ರೈತರು ಸಿಟ್ಟಿಗೆದ್ದು ಎಪಿಎಂಸಿ ಕಚೇರಿಗೆ ನುಗ್ಗಿದ್ದರು, ವಾಹನಗಳಿಗೆ ಬೆಂಕಿ ಬಿದ್ದಿತ್ತು. ಆ ವಿಡಿಯೋಗಳು ಈ ಮಕ್ಕಳ ಫೋನಿಗೂ ಬಂದಿದ್ದವು. ಎಲ್ಲರೂ ನೋಡಿದ್ದರು, ಫಾರ್ವರ್ಡ್ ಮಾಡಿದ್ದರು. ದರ ಯಾಕೆ ಬಿತ್ತು ಅಂತ ಯಾರೂ ಯಾರನ್ನೂ ಕೇಳಿರಲಿಲ್ಲ.

ಏಳು ಗಂಟೆಗೆ ಒಬ್ಬ ಹುಡುಗಿಯ ಮೆಸೇಜ್ ಬಂತು. ಹಿಂದೆ ಪಾತ್ರೆ ತೊಳೆಯುವ ಸದ್ದು. "ರೇಟ ಅರ್ಧಕ್ಕ ಇಳೀತು ಅಂತ ನಾವೇನು ಸಾರಿಗೆ ಎರಡು ಪಟ್ಟು ಖಾರ ಹಾಕ್ತೀವೇನ್ರಿ ಮೇಡಂ?"

ಬೇಡಿಕೆ ಸ್ಥಿತಿಸ್ಥಾಪಕವಲ್ಲ ಅನ್ನುವುದನ್ನು ಇದಕ್ಕಿಂತ ಚೆನ್ನಾಗಿ ನಾನು ಯಾವ ಪುಸ್ತಕದಲ್ಲೂ ಓದಿಲ್ಲ. ಅದರ ಮೇಲೆ ಲೆಕ್ಕ ಹಾಕಿದೆವು. ಹತ್ತು ಕ್ವಿಂಟಲ್ ಬೆಳೆದು ಕ್ವಿಂಟಲಿಗೆ 20,000 ಸಿಕ್ಕರೆ ಎರಡು ಲಕ್ಷ. ಎಲ್ಲರಿಗೂ ಬೆಳೆ ಬಂದು, ಹದಿನೈದು ಕ್ವಿಂಟಲ್ ಆಗಿ, ದರ 12,000ಕ್ಕೆ ಇಳಿದರೆ ಒಂದು ಲಕ್ಷ ಎಂಬತ್ತು ಸಾವಿರ. ಬೆಳೆ ಜಾಸ್ತಿ, ದುಡ್ಡು ಕಡಿಮೆ. ಲೆಕ್ಕಕ್ಕೆ ಅಂತ ಇಟ್ಟುಕೊಂಡ ಅಂಕಿಗಳಿವು. ಆದರೆ ಅರ್ಥ ಎಲ್ಲರಿಗೂ ಕೈಗೆ ಸಿಕ್ಕಿತು.

ಅಲ್ಲಿಗೆ ನಿಲ್ಲಲಿಲ್ಲ. ಇನ್ನೊಬ್ಬ, "ಕೋಲ್ಡ್ ಸ್ಟೋರೇಜ್‌ನಾಗ ಇಡೋರು ರೇಟ ಏರೋತನಕ ತಡೀತಾರ್ರಿ, ನಮಗ ತಡಿಯಾಕ ಆಗಂಗಿಲ್ಲ, ಸಾಲ ಇರ್ತೈತಿ" ಅಂದ. ಅದು ಪೂರೈಕೆಯ ಪಾಠ. ಮತ್ತೊಬ್ಬಳು ಬ್ಯಾಡಗಿ ಮೆಣಸಿನಕಾಯಿಯನ್ನು ಬಣ್ಣ ತೆಗೆಯುವ ಕಾರ್ಖಾನೆಗಳೂ ಕೊಳ್ಳುತ್ತವೆ, ಅವರ ಬೇಡಿಕೆ ಸಾರಿನ ಬೇಡಿಕೆಯ ಹಾಗಿರುತ್ತದಾ ಎಂದು ಕೇಳಿದಳು. ಆ ಪ್ರಶ್ನೆಗೆ ನಾನೇ ಮರುದಿನ ತಯಾರಿ ಮಾಡಿಕೊಂಡು ಹೋಗಬೇಕಾಯಿತು. ಕುಂದಗೋಳದ ಹುಡುಗ ಒಂಬತ್ತಕ್ಕೆ ಐದು ನಿಮಿಷ ಇರುವಾಗ ತನ್ನ ಉತ್ತರ ಕಳಿಸಿದ. ಅಪ್ಪನನ್ನು ಕೇಳಿ ಹೇಳಿದ್ದ.

ವಾಯ್ಸ್ ಮೆಸೇಜ್ ಇಟ್ಟದ್ದಕ್ಕೆ ಕಾರಣವಿದೆ. ಕನ್ನಡ ಟೈಪ್ ಮಾಡುವುದು ಹಲವರಿಗೆ ಕಷ್ಟ. ಬರೆದರೆ ಕಾಗುಣಿತ ತಪ್ಪುತ್ತದೆ, ಎಲ್ಲರೂ ನೋಡುತ್ತಾರೆ ಎಂಬ ಅಂಜಿಕೆ. ಪುಸ್ತಕದ ಭಾಷೆಯಲ್ಲೇ ಹೇಳಬೇಕು ಅಂದರೆ ನೋಟ್ಸ್ ನೋಡಿ ಓದುತ್ತಾರೆ. ಮನೆ ಮಾತಿನಲ್ಲಿ ಹೇಳು ಅಂದರೆ ಯೋಚಿಸಿ ಹೇಳುತ್ತಾರೆ. ಪರೀಕ್ಷೆಯ ಭಾಷೆಗೆ ಅದನ್ನು ತಿರುಗಿಸುವ ಕೆಲಸ ಮರುದಿನ ತರಗತಿಯಲ್ಲಿ, ನೋಟ್‌ಬುಕ್ಕಿನಲ್ಲಿ.

ಹದಿನೈದು ಜನ ಅನ್ನುವ ಸಂಖ್ಯೆಗೂ ಕಾರಣವಿದೆ. ವಾಟ್ಸಾಪ್ ಗ್ರೂಪಿನಲ್ಲಿ 1,024 ಜನರಿಗೆ ಜಾಗವಿದೆ. ಟೆಲಿಗ್ರಾಂ ಗ್ರೂಪಿನಲ್ಲಿ ಎರಡು ಲಕ್ಷ. ದೊಡ್ಡ ಗ್ರೂಪಿನಲ್ಲಿ ಯಾರೂ ಬಾಯಿ ಬಿಡುವುದಿಲ್ಲ, ಅದರಲ್ಲೂ ಹುಡುಗಿಯರು. ಇದರ ಬಗ್ಗೆ ನಾವು ಸಾಕಷ್ಟು ಮಾತಾಡುತ್ತಿಲ್ಲ ಎಂದು ನನಗೆ ಬೇಸರವಿದೆ. ಸಾಮಾನ್ಯ ವಾಟ್ಸಾಪ್ ಗ್ರೂಪಿನಲ್ಲಿ ಪ್ರತಿಯೊಬ್ಬರ ನಂಬರ್ ಎಲ್ಲರಿಗೂ ಕಾಣುತ್ತದೆ. ನನ್ನ ವಿದ್ಯಾರ್ಥಿನಿಯೊಬ್ಬಳು ನೂರೆಂಬತ್ತು ಜನರ ಗ್ರೂಪಿನಲ್ಲಿ ಒಂದು ಸಂಶಯ ಕೇಳಿದಳು. ಅವತ್ತು ರಾತ್ರಿಯೇ ಗುರುತಿಲ್ಲದ ಮೂರು ನಂಬರ್‌ಗಳಿಂದ "ಹಾಯ್" ಬಂತು. ಮನೆಯಲ್ಲಿ ಫೋನ್ ಒಂದೇ. ಅಣ್ಣ ನೋಡಿದ. ಗ್ರೂಪಿನಿಂದ ಹೊರಗೆ ಬರಬೇಕಾಯಿತು. ಪರೀಕ್ಷೆ ಫಾರ್ಮ್ ತುಂಬುವ ಕೊನೆಯ ದಿನದ ಸೂಚನೆ ಅದೇ ಗ್ರೂಪಿಗೆ ಬಂದಿತ್ತು, ಅವಳಿಗೆ ಗೊತ್ತಾಗಲಿಲ್ಲ. ದಂಡ ಕಟ್ಟಿದಳು. ಒಂದು ಪ್ರಶ್ನೆ ಕೇಳಿದ್ದಕ್ಕೆ ಅವಳು ಕಟ್ಟಿದ ದಂಡ ಅದು.

2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ ಉಚಿತವಾಗಿದೆ. ಊರಿಂದ ಕಾಲೇಜಿಗೆ ಬರುವ ದಾರಿ ಸಲೀಸಾಯಿತು. ಕಾಲೇಜಿನ ಗ್ರೂಪಿನಲ್ಲಿ ಮಾತಾಡುವ ದಾರಿ ಆಗಿಲ್ಲ. ಇದಕ್ಕೆ ದೊಡ್ಡ ತಂತ್ರಜ್ಞಾನವೇನೂ ಬೇಡ. ವಾಟ್ಸಾಪಿನಲ್ಲೇ ಕಮ್ಯುನಿಟಿ ಅಂತ ಇದೆ, ಅದರ ಪ್ರಕಟಣೆ ಗ್ರೂಪಿನಲ್ಲಿ ಸದಸ್ಯರ ನಂಬರ್ ಇತರರಿಗೆ ಕಾಣುವುದಿಲ್ಲ. ಸೂಚನೆಗಳನ್ನು ಅಲ್ಲಿ ಹಾಕಿ, ಮಾತುಕತೆಯನ್ನು ಸಣ್ಣ ಗ್ರೂಪಿನಲ್ಲಿ ಇಟ್ಟರೆ ಅರ್ಧ ತೊಂದರೆ ತಪ್ಪುತ್ತದೆ. ಅಡ್ಮಿನ್ ಯಾರು, ಯಾರಾದರೂ ತೊಂದರೆ ಕೊಟ್ಟರೆ ಯಾರಿಗೆ ಹೇಳಬೇಕು ಅನ್ನುವುದನ್ನು ಮೊದಲ ದಿನವೇ ಹೇಳಬೇಕು.

ಇನ್ನು ಧಾರವಾಡದ ಸಪ್ತಾಪುರದ ಕಡೆ ಬನ್ನಿ. ಕೆಎಎಸ್, ಪಿಎಸ್‌ಐ, ಪಿಡಿಒ, ಎಫ್‌ಡಿಎ ಎಂದು ಸರ್ಕಾರಿ ನೌಕರಿಯ ಪರೀಕ್ಷೆಗಳಿಗೆ ಓದಲು ರಾಜ್ಯದ ಎಲ್ಲೆಲ್ಲಿಂದಲೋ ಬಂದ ಹುಡುಗರು ಇಲ್ಲಿ ರೂಮ್ ಹಿಡಿದು, ಖಾನಾವಳಿಯಲ್ಲಿ ಉಂಡು, ರೀಡಿಂಗ್ ರೂಮಿನಲ್ಲಿ ದಿನ ಕಳೆಯುತ್ತಾರೆ. ಇವರ ಜಗತ್ತು ಟೆಲಿಗ್ರಾಂ. ಪ್ರಚಲಿತ ವಿದ್ಯಮಾನ, ಹಳೆಯ ಪ್ರಶ್ನೆಪತ್ರಿಕೆ, ನೋಟ್ಸ್ ಎಲ್ಲ ಅಲ್ಲೇ. ಕೋಚಿಂಗ್ ಫೀಸ್ ಕಟ್ಟಲಾಗದವನಿಗೆ ಇದು ದೊಡ್ಡ ಆಸರೆ. ಇದನ್ನು ಹಗುರವಾಗಿ ಕಾಣುವವರು ಒಮ್ಮೆ ಆ ರೂಮುಗಳಿಗೆ ಹೋಗಿ ಬರಬೇಕು.

ಆದರೆ ಅಲ್ಲಿ ಬರುವುದನ್ನು ಪರೀಕ್ಷಿಸುವವರಿಲ್ಲ. 2024ರ ಜೂನ್ 18ರಂದು ಕಾಲೇಜು ಮೇಷ್ಟ್ರಾಗಲು ಬರೆಯುವ ಯುಜಿಸಿ ನೆಟ್ ಪರೀಕ್ಷೆ ನಡೆಯಿತು. ದೇಶದಲ್ಲಿ ಒಂಬತ್ತು ಲಕ್ಷಕ್ಕೂ ಹೆಚ್ಚು ಜನ ಬರೆದರು. ಮರುದಿನವೇ ಪರೀಕ್ಷೆ ರದ್ದಾಯಿತು. ಪ್ರಶ್ನೆಪತ್ರಿಕೆ ಮೊದಲೇ ಹೊರಬಿದ್ದಿತ್ತು ಎಂದು ತೋರಿಸುವ ಒಂದು ಸ್ಕ್ರೀನ್‌ಶಾಟ್ ಟೆಲಿಗ್ರಾಂನಲ್ಲಿ ಓಡಾಡಿತ್ತು. ಆ ಸ್ಕ್ರೀನ್‌ಶಾಟನ್ನು ತಿದ್ದಿ ತಯಾರಿಸಲಾಗಿತ್ತು ಎಂದು ಆಮೇಲೆ ಸಿಬಿಐ ತನಿಖೆಯಲ್ಲಿ ಗೊತ್ತಾಯಿತು. ಅಷ್ಟರಲ್ಲಿ ಎಲ್ಲರೂ ಮತ್ತೆ ಪರೀಕ್ಷೆ ಬರೆಯುವ ಪಾಡಾಗಿತ್ತು. ಒಂದು ಚಿತ್ರದಿಂದ ಇಷ್ಟೆಲ್ಲ ಆಗುವುದಾದರೆ, ದಿನಕ್ಕೆ ನೂರು ಫೈಲ್ ಬರುವ ಚಾನೆಲ್‌ನಲ್ಲಿ ಎಷ್ಟು ತಪ್ಪು ಉತ್ತರಗಳು ಬಾಯಿಪಾಠವಾಗುತ್ತಿರಬಹುದು?

ಡಿಗ್ರಿ ಮಕ್ಕಳಿಗೆ ಇದೇ ಕಷ್ಟ ಬೇರೆ ರೂಪದಲ್ಲಿದೆ. ನಮ್ಮ ರಾಜ್ಯದಲ್ಲಿ 2021-22ರಲ್ಲಿ ಹೊಸ ಶಿಕ್ಷಣ ನೀತಿಯ ಪಠ್ಯ ಬಂತು. 2024-25ರಲ್ಲಿ ಅದನ್ನು ಬಿಟ್ಟು ಮತ್ತೆ ಮೂರು ವರ್ಷದ ಪದವಿಗೆ, ಬೇರೆ ಪಠ್ಯಕ್ಕೆ ಹೋದೆವು. ಬಹುಕಾಲ ಕರ್ನಾಟಕ ವಿಶ್ವವಿದ್ಯಾಲಯದ ಕೆಳಗಿದ್ದ ಹಾವೇರಿ ಜಿಲ್ಲೆಯ ಕಾಲೇಜುಗಳಿಗೆ ಈಚೆಗೆ ಬೇರೆ ವಿಶ್ವವಿದ್ಯಾಲಯವೇ ಆಯಿತು. ಆದರೆ ಗ್ರೂಪುಗಳಲ್ಲಿ ಸುತ್ತುವ ನೋಟ್ಸ್‌ಗೆ ವರ್ಷವೂ ಇಲ್ಲ, ವಿಶ್ವವಿದ್ಯಾಲಯದ ಹೆಸರೂ ಇಲ್ಲ. "ಮೂರನೇ ಸೆಮ್ ಐಎಂಪಿ" ಅಂತಷ್ಟೇ ಇರುತ್ತದೆ. ಹಳೆಯ ಪಠ್ಯವನ್ನು ಪೂರ್ತಿ ಓದಿಕೊಂಡು ಪರೀಕ್ಷೆಗೆ ಬಂದ ಮಕ್ಕಳನ್ನು ನಾನು ನೋಡಿದ್ದೇನೆ. ಓದಿಲ್ಲ ಅಂತ ಬೈಯುವ ಹಾಗೂ ಇಲ್ಲ.

ಕನ್ನಡದ ಫೈಲುಗಳಿಗೆ ಇನ್ನೂ ಒಂದು ತೊಡಕು. ಎಷ್ಟೋ ನೋಟ್ಸ್ ಯೂನಿಕೋಡ್‌ನಲ್ಲಿಲ್ಲ, ಹಳೆಯ ನುಡಿ ಫಾಂಟಿನಲ್ಲಿವೆ. ಅದರಲ್ಲಿ ಒಂದು ಪದ ಹುಡುಕಲು ಬರುವುದಿಲ್ಲ. ಸಾಲು ಕಾಪಿ ಮಾಡಿ ಗ್ರೂಪಿಗೆ ಹಾಕಿದರೆ ಅರ್ಥವಾಗದ ಇಂಗ್ಲಿಷ್ ಅಕ್ಷರಗಳು ಬರುತ್ತವೆ. ಉಳಿದವು ಬರೆದ ಹಾಳೆಯ ಫೋಟೋಗಳು. ಫೋನಿನಲ್ಲಿ ಐನೂರು ಫೈಲ್ ಇರುತ್ತದೆ, ಬೇಕಾದದ್ದು ಸಿಗುವುದಿಲ್ಲ. ಕನ್ನಡದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ವಿಡಿಯೋಗಳು ಬೇಕಾದಷ್ಟಿವೆ. ಪದವಿ ಮಟ್ಟದ ಅರ್ಥಶಾಸ್ತ್ರ, ಸಮಾಜಶಾಸ್ತ್ರವನ್ನು ಆಳವಾಗಿ ಹೇಳುವವು ಕಡಿಮೆ. ಆನ್‌ಲೈನ್ ಕೋರ್ಸುಗಳಿಗೆಂದು ಕೇಂದ್ರ ಸರ್ಕಾರದ ಸ್ವಯಂ ವೇದಿಕೆ 2017ರಿಂದ ಇದೆ. ಒಂದು ಸೆಮಿಸ್ಟರಿನ 40 ಶೇಕಡಾ ಕೋರ್ಸುಗಳನ್ನು ಅಲ್ಲಿಂದ ಮಾಡಿ ಕ್ರೆಡಿಟ್ ಪಡೆಯಬಹುದು ಎಂದು ಯುಜಿಸಿ 2021ರಲ್ಲೇ ಹೇಳಿದೆ. ಐಐಟಿಗಳ ಎನ್‌ಪಿಟಿಇಎಲ್ ಪಾಠಗಳೂ ಇವೆ, ಒಳ್ಳೆಯವು. ಆದರೆ ಬಹುಪಾಲು ಇಂಗ್ಲಿಷಿನಲ್ಲಿ. ನನ್ನ ತರಗತಿಯ ಮಕ್ಕಳು ಮೊದಲ ಹತ್ತು ನಿಮಿಷಕ್ಕೇ ಕೈಬಿಡುತ್ತಾರೆ. ಆಮೇಲೆ ಕನ್ನಡದಲ್ಲಿ ಏನು ಸಿಗುತ್ತದೋ ಅದಕ್ಕೆ ಬರುತ್ತಾರೆ.

ಹಾಗಾದರೆ ಇದನ್ನೆಲ್ಲ ಸರಿ ಮಾಡುವವರು ಯಾರು? ನೋಟ್ಸ್ ಯಾವ ಪಠ್ಯದ್ದು ಅಂತ ನೋಡುವವರು, ಸಂಜೆ ಪ್ರಶ್ನೆ ಹಾಕುವವರು, ಹದಿನೈದು ವಾಯ್ಸ್ ಮೆಸೇಜ್ ಕೇಳುವವರು? ಮೇಷ್ಟ್ರೇ ತಾನೇ. ಹದಿನೈದು ಮೆಸೇಜ್ ಕೇಳಿ ಉತ್ತರ ಹೇಳಲು ನನಗೆ ಮುಕ್ಕಾಲು ಗಂಟೆ ಬೇಕಾಯಿತು. ಯುಜಿಸಿಯ 2018ರ ನಿಯಮದಂತೆ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ ನೇರ ಬೋಧನೆ. ಆ ಹದಿನಾರರಲ್ಲಿ ಈ ಮುಕ್ಕಾಲು ಗಂಟೆಗೆ ಲೆಕ್ಕವಿಲ್ಲ. ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳಲ್ಲಂತೂ ಪಾಠದ ದೊಡ್ಡ ಪಾಲು ಅತಿಥಿ ಉಪನ್ಯಾಸಕರ ಹೆಗಲ ಮೇಲಿದೆ. ಮುಂದಿನ ವರ್ಷ ಕೆಲಸ ಇರುತ್ತದೋ ಇಲ್ಲವೋ ಗೊತ್ತಿಲ್ಲದವರಿಗೆ, ರಾತ್ರಿ ಕೂತು ಮಕ್ಕಳ ಮೆಸೇಜ್ ಕೇಳಿ ಅಂತ ನಾನು ಯಾವ ಬಾಯಿಂದ ಹೇಳಲಿ? ಆದರೂ ಅವರಲ್ಲಿ ಎಷ್ಟೋ ಜನ ಯಾರೂ ಹೇಳದೆಯೇ ಮಾಡುತ್ತಿದ್ದಾರೆ.

ಕಾಲೇಜುಗಳು ಇಂದಿಗೂ ಗ್ರೂಪನ್ನು ನೋಟಿಸ್ ಬೋರ್ಡ್ ಮಾಡಿಕೊಂಡಿವೆ. ಫೀಸ್ ಕಟ್ಟಿ, ಫಾರ್ಮ್ ತುಂಬಿ, ನಾಳೆ ರಜೆ. ಅದೇ ಗ್ರೂಪ್ ತರಗತಿಯೂ ಆಗಬೇಕಾದರೆ ಅದನ್ನು ತರಗತಿ ಎಂದೇ ಎಣಿಸಬೇಕು. ವಾರಕ್ಕೆ ಒಂದು ಗಂಟೆಯನ್ನು ವೇಳಾಪಟ್ಟಿಯಲ್ಲಿ ಬರೆದು, ಕೆಲಸದ ಹೊರೆಯಲ್ಲಿ ಸೇರಿಸಿ, ಅತಿಥಿ ಉಪನ್ಯಾಸಕರಿಗೆ ಅದರ ಗೌರವಧನ ಕೊಡಬೇಕು. ವಿಶ್ವವಿದ್ಯಾಲಯ ಮಾಡಬಹುದಾದ ಕೆಲಸವೂ ಒಂದಿದೆ. ಪ್ರತಿ ವಿಷಯದ ಅಧ್ಯಯನ ಮಂಡಳಿ ಈಗಿನ ಪಠ್ಯಕ್ಕೆ ಹೊಂದುವ, ಯೂನಿಕೋಡ್ ಕನ್ನಡದ, ವರ್ಷ ನಮೂದಿಸಿದ ನೋಟ್ಸನ್ನು ತಾನೇ ಬಿಡುಗಡೆ ಮಾಡಲಿ. ಹುಡುಗರು ಹೇಗೂ ಫಾರ್ವರ್ಡ್ ಮಾಡುತ್ತಾರೆ. ಸರಿಯಾದದ್ದನ್ನೇ ಮಾಡಲಿ.

ನಮ್ಮಲ್ಲಿ ಈ ಸೆಮಿಸ್ಟರಿಗೆ ಮೂರು ಸಣ್ಣ ಗ್ರೂಪ್ ಆಗಿವೆ. ಒಂದು ಗ್ರೂಪಿನಲ್ಲಿ ಹುಡುಗಿಯರಷ್ಟೇ ಇದ್ದಾರೆ, ಅವರೇ ಹಾಗೆ ಕೇಳಿಕೊಂಡರು. ಫಾರ್ಮಿನ ದಂಡ ಕಟ್ಟಿದ ಹುಡುಗಿ ಅದರ ಅಡ್ಮಿನ್. ಮೊದಲ ಪ್ರಶ್ನೆಯನ್ನು ಈ ಸಲ ನಾನು ಹಾಕಲಿಲ್ಲ, ಅವಳು ಹಾಕಿದಳು: ಗದಗ ಮಾರುಕಟ್ಟೆಯಲ್ಲಿ ರೈತನಿಗೆ ಉಳ್ಳಾಗಡ್ಡಿಗೆ ಸಿಗುವ ದರಕ್ಕೂ ನಾವು ಹುಬ್ಬಳ್ಳಿಯಲ್ಲಿ ಕೊಡುವ ದರಕ್ಕೂ ಇಷ್ಟು ಅಂತರ ಯಾಕೆ? ಉತ್ತರ ಕಳಿಸಲು ಶುಕ್ರವಾರ ರಾತ್ರಿ ಒಂಬತ್ತರವರೆಗೆ ಸಮಯವಿದೆ.